ಆಯಮ್ಮ ರಜೆ ಹಾಕದ ವರ್ಷಗಳು

ಆ ದೊಡ್ಡ ಶಾಲೆಯ ಗೇಟು ಬೆಳಿಗ್ಗೆ ಎಂಟೂವರೆಗೆ ಮುಚ್ಚುತ್ತದೆ. ಮುಚ್ಚುವವಳು ಆಯಮ್ಮ. ಗಂಟೆ ಹೊಡೆಯುವವಳೂ ಅವಳೇ, ಚಿಕ್ಕ ಮಕ್ಕಳ ಮೂಗು ಒರೆಸುವವಳೂ ಅವಳೇ, ಬಿಚ್ಚಿಹೋದ ಶೂ ಲೇಸು ಕಟ್ಟುವವಳೂ ಅವಳೇ. ಹನ್ನೊಂದು ವರ್ಷದಿಂದ ಒಂದೇ ಬಣ್ಣದ ನೀಲಿ ಕೋಟು ತೊಟ್ಟು ತೊಟ್ಟು, ಸಂತೆ ಬೀದಿಯಲ್ಲಿ ಕೋಟಿಲ್ಲದೆ ಎದುರಾದರೆ ಟೀಚರುಗಳಿಗೂ ಅವಳ ಗುರುತು ಸಿಗುತ್ತಿರಲಿಲ್ಲ.

ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಅವಳೆಂದರೆ ಸ್ವಲ್ಪ ಭಯವೇ. ಕಾರಿನಿಂದ ಇಳಿದು ಮಗುವನ್ನು ದರದರ ಎಳೆದುಕೊಂಡು ಬರುವವರನ್ನು ಗೇಟಿನ ಕಂಬಿಯ ಸಂದಿಯಿಂದ ನೋಡಿ ಅನ್ನುವಳು, "ಸಾರ್, ಮಗು ಒಂದು ದಿನ ತಪ್ಪಿಸ್ಕೊಂಡ್ರೆ ಒಂದು ವಾರ ಹಿಂದೆ ಬೀಳುತ್ತೆ. ದೊಡ್ಡೋರು ನೀವೇ ಹಿಂಗೆ ಮಾಡಿದ್ರೆ ಹೆಂಗೆ?" ಅದು ಹೆಡ್ ಮೇಡಂ ಮಾತು. ಕೇಳಿ ಕೇಳಿ ಆಯಮ್ಮನಿಗೆ ಬಾಯಿಪಾಠವಾಗಿತ್ತು. ಹೇಳುವಾಗ ತಾನೂ ಒಬ್ಬ ಮೇಡಂ ಆದ ಹಾಗೆ ಬೆನ್ನು ನೆಟ್ಟಗಾಗುತ್ತಿತ್ತು.

ಆ ಶಾಲೆಯಲ್ಲಿ ಒಂದು ಪದ್ಧತಿ. ಹಿಂದಿನ ವಾರ ಯಾವ ತರಗತಿಯಲ್ಲಿ ಒಂದು ಮಗುವೂ ತಪ್ಪಿಸಿಕೊಂಡಿಲ್ಲವೋ ಆ ತರಗತಿಯ ಬಾಗಿಲಿಗೆ ಸೋಮವಾರ ಹಳದಿ ಬಾವುಟ ಏರುತ್ತದೆ. ಸ್ಟೂಲು ಹತ್ತಿ ಕಟ್ಟುವವಳು ಆಯಮ್ಮ. ಕೆಳಗೆ ನಿಂತ ಮಕ್ಕಳು ಚಪ್ಪಾಳೆ ತಟ್ಟಿದರೆ ಅವಳಿಗೆ ತನಗೇ ತಟ್ಟಿದಂತೆ. ನಿಜಕ್ಕೂ ಅವಳಿಗೇ ತಟ್ಟಿದ್ದೂ ಉಂಟು. ಹತ್ತು ವರ್ಷ ಒಂದು ದಿನವೂ ರಜೆ ಹಾಕದೆ ದುಡಿದಳೆಂದು ವಾರ್ಷಿಕೋತ್ಸವದ ದಿನ ಅವಳನ್ನು ವೇದಿಕೆಗೆ ಕರೆದು, ಗೋಡೆ ಗಡಿಯಾರ ಕೊಟ್ಟು, "ನಮ್ಮ ಆಯಮ್ಮ ರಜೆ ಹಾಕಿದ ದಿನ ಶಾಲೆಗೇ ರಜೆ!" ಎಂದು ಹೆಡ್ ಮೇಡಂ ಮೈಕಿನಲ್ಲಿ ನಗಿಸಿದ್ದರು. ವರ್ಷಕ್ಕೆ ಹನ್ನೆರಡು ರಜೆ ಅವಳ ಹೆಸರಿನಲ್ಲೇ ಇದ್ದವು. ವರ್ಷವರ್ಷವೂ ಅವು ಹನ್ನೆರಡೂ ಮುಟ್ಟದೆ ಹಾಗೇ ಬಿದ್ದು ಹೋಗುತ್ತಿದ್ದವು. ಅದೂ ಅವಳಿಗೆ ಹೆಮ್ಮೆಯೇ.

ಗಡಿಯಾರವನ್ನು ಮನೆಯಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಗೋಡೆಗೇ ಹಾಕಿದಳು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆ ಇದ್ದದ್ದು ಈ ಗಡಿಯಾರದ ಬುಡದಲ್ಲಿ.

ಮನೆಯೆಂದರೆ ಮಹಡಿಯ ಮೇಲೆ ಎರಡು ಕೋಣೆ. ಕೆಳಗೆ ಟೈಲರ್ ಅಕ್ಕನ ಅಂಗಡಿ. ಗಂಡ ಲಾರಿ ಓಡಿಸುವವನು, ತಿಂಗಳಿಗೆ ಎರಡು ಸಲ ಬಂದರೆ ಹೆಚ್ಚು. ಉಳಿದವರು ಅವಳು, ಏಳನೇ ತರಗತಿ ಓದುವ ಮಗಳು, ಮತ್ತು ಅತ್ತೆ. ಅತ್ತೆ ಒಂದು ಕಾಲಕ್ಕೆ ಇಡೀ ಬೀದಿಯ ಜಗಳ ಬಗೆಹರಿಸುತ್ತಿದ್ದ ಗಟ್ಟಿ ಹೆಂಗಸು. ಎರಡು ವರ್ಷದ ಕೆಳಗೆ ಮರೆವು ಶುರುವಾಯಿತು. ಮೊದಲು ಬೀಗದ ಕೈ ಮರೆತರು, ಆಮೇಲೆ ಹೆಸರುಗಳು, ಆಮೇಲೆ ಒಲೆ. ಒಂದು ದಿನ ಗ್ಯಾಸು ತಿರುಗಿಸಿ ಕಡ್ಡಿ ಗೀರುವುದನ್ನು ಮರೆತು ಕೂತಿದ್ದರು. ಇನ್ನೊಂದು ದಿನ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಕಂಡಕ್ಟರನಿಗೆ, "ನಮ್ಮಮ್ಮ ಕಾಯ್ತಾ ಇರ್ತಾಳೆ, ಬೇಗ ಬಿಡಪ್ಪ" ಅನ್ನುತ್ತಿದ್ದರಂತೆ. ಅವರಮ್ಮ ಸತ್ತು ನಲವತ್ತು ವರ್ಷವಾಗಿತ್ತು.

ಅಂದಿನಿಂದ ಅವರನ್ನು ಒಂಟಿಯಾಗಿ ಬಿಡುವ ಹಾಗಿರಲಿಲ್ಲ. ಟೈಲರ್ ಅಕ್ಕ ಒಳ್ಳೆಯವಳು. ಹೊಲಿಗೆ ಮಿಷನ್ನಿನ ಪಕ್ಕ ಕುರ್ಚಿ ಹಾಕಿ ಕೂರಿಸಿಕೊಂಡು, ಬಿಚ್ಚಿದ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ ಕೊಟ್ಟು ಸುಧಾರಿಸುತ್ತಿದ್ದಳು. ಆದರೆ ಅವಳೂ ಬಟ್ಟೆ ತರಲು, ಹೊಲಿದದ್ದು ಮುಟ್ಟಿಸಲು ಹೊರಗೆ ಹೋಗಬೇಕಲ್ಲ. ಅಂಥ ದಿನ ಬೆಳಿಗ್ಗೆ ಆಯಮ್ಮ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಮಗಳಿಗೆ ಅನ್ನುವಳು, "ಇವತ್ತೊಂದು ದಿನ ಇದ್ದುಬಿಡು ಪುಟ್ಟಾ. ಇವತ್ತೊಂದೇ ದಿನ."

ಆ ಒಂದು ದಿನ ಮೊದಲು ತಿಂಗಳಿಗೆ ಬಂತು, ಆಮೇಲೆ ವಾರಕ್ಕೆ ಬಂತು, ಟೈಲರ್ ಅಕ್ಕನ ಕಣ್ಣಿನ ಆಪರೇಷನ್ ಆದ ಮೇಲೆ ವಾರಕ್ಕೆ ಮೂರು ಸಲ ಬಂತು. ಮಗಳು ಒಂದು ದಿನವೂ ಎದುರಾಡಲಿಲ್ಲ. ಯೂನಿಫಾರ್ಮ್ ತೊಟ್ಟು ರೆಡಿಯಾಗಿದ್ದವಳು ಹಾಗೇ ಮನೆಬಟ್ಟೆ ಹಾಕಿಕೊಳ್ಳುವಳು. ಪುಸ್ತಕ ಹಿಡಿದು ಅಜ್ಜಿಯ ಎದುರು ಕೂತು, ತಲೆಯೆತ್ತಿ ಗಡಿಯಾರ ನೋಡುವಳು.

"ಹತ್ತೂ ಕಾಲು. ಈಗ ಎರಡನೇ ಪೀರಿಯಡ್ಡು, ಲೆಕ್ಕ. ಅಜ್ಜಿ, ಹೇಳು ನೋಡಣ, ಏಳೆಂಟ್ಲಿ ಎಷ್ಟು?"

"ಯಾರೇ ಅವರು? ನೆಂಟರಾ?" ಅನ್ನುವರು ಅಜ್ಜಿ. "ಬಂದೋರನ್ನ ನಿಲ್ಲಿಸಿ ಮಾತಾಡಿಸ್ತೀಯಲ್ಲ, ಮೊದ್ಲು ಕೂರಿಸು."

ಇದನ್ನು ಮಗಳು ಸಂಜೆ ಹೇಳಿದರೆ ಆಯಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ನಗುತ್ತಿದ್ದಳೇ ಹೊರತು, ತನ್ನ ಹನ್ನೆರಡು ರಜೆಯಲ್ಲಿ ಒಂದನ್ನು ತಾನು ಹಾಕಿ ಮಗಳನ್ನು ಕಳಿಸಬಹುದಿತ್ತು ಅನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಹೊಳೆಯಲಿಲ್ಲವೆಂದು ಅಂದುಕೊಂಡಳೋ ಏನೋ.

ಮಾಘದ ಚಳಿ ಮುಗಿಯುವ ಹೊತ್ತಿಗೆ ಒಂದು ಬುಧವಾರ ಮಗಳು ಒಂದು ಚೀಟಿ ತಂದು ಅವಳ ಕೈಯಲ್ಲಿಟ್ಟಳು. ಆಯಮ್ಮ ಓದಿದ್ದು ನಾಲ್ಕನೇ ತರಗತಿ. ಅಕ್ಷರ ಕೂಡಿಸುತ್ತಿದ್ದಂತೆ ಮಗಳೇ ಬಾಯಲ್ಲಿ ಹೇಳಿದಳು.

"ಶನಿವಾರ ಹತ್ತು ಗಂಟೆಗೆ ಅಮ್ಮನೋ ಅಪ್ಪನೋ ಬಂದು ಸಹಿ ಹಾಕ್ಬೇಕಂತೆ. ನನ್ನ ಹಾಜರಿ ಸಾಲಲ್ವಂತೆ. ಯಾರೂ ಬರದಿದ್ರೆ ಪರೀಕ್ಷೆ ಲಿಸ್ಟಲ್ಲಿ ಹೆಸರು ಹಾಕಲ್ವಂತೆ."

"ಹಾಕದಿದ್ರೆ?"

"ಇನ್ನೊಂದು ವರ್ಷ ಏಳನೇ ಕ್ಲಾಸೇ."

"ಅಯ್ಯೋ, ಶನಿವಾರಾನಾ? ಶನಿವಾರ ನಮ್ಮಲ್ಲೂ ಪೇರೆಂಟ್ಸ್ ಮೀಟಿಂಗು ಕಣೇ. ಕುರ್ಚಿ ಹಾಕೋರು ಯಾರು?"

ಮಗಳು ಚೀಟಿ ವಾಪಸು ತೆಗೆದುಕೊಂಡು ನಾಲ್ಕು ಮಡಿಕೆ ಮಡಿಸಿದಳು. "ಹೋದ ಸಲಾನೂ ಅದೇ ಅಂದೆ. ಅದರ ಹಿಂದಿನ ಸಲಾನೂ. ಪರವಾಗಿಲ್ಲ ಬಿಡು. ಎಲ್ರ ಅಮ್ಮಂದಿರಿಗೂ ನೀನು ಕುರ್ಚಿ ಹಾಕು, ನಮ್ಮಮ್ಮಂಗೆ ಯಾರೂ ಹಾಕೋದು ಬೇಡ."

ಕೋಪದಿಂದ ಅಂದಿದ್ದರೆ ಆಯಮ್ಮ ಎರಡು ಬೈದು ಸುಮ್ಮನಾಗುತ್ತಿದ್ದಳು. ಹುಡುಗಿ ಹವಾಮಾನ ಹೇಳಿದ ಹಾಗೆ ಹೇಳಿ, ಅಜ್ಜಿಯ ತಲೆ ಬಾಚಲು ಎದ್ದುಹೋದಳು.

ಮರುದಿನ ಹೆಡ್ ಮೇಡಂ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. "ಮೇಡಂ, ಶನಿವಾರ ಅರ್ಧ ದಿನ ರಜೆ ಬೇಕಿತ್ತು. ಒಂದು ಗಂಟೆಗೆಲ್ಲಾ ಬಂದ್ಬಿಡ್ತೀನಿ."

ಮೇಡಂ ಕನ್ನಡಕ ತೆಗೆದು ನೋಡಿದರು. "ನೀವಾ? ರಜೆನಾ? ಏನಾಯ್ತು ಆಯಮ್ಮ, ಮೈ ಸರಿ ಇಲ್ವಾ?"

ಇದ್ದದ್ದು ಹೇಳಬೇಕೆಂದೇ ಅವಳು ಹೋಗಿದ್ದಳು. ಆದರೆ ಮೇಡಂ ತಲೆಯ ಹಿಂದೆ, ಗೋಡೆಯ ಮೊಳೆಗೆ ಆ ಹಳದಿ ಬಾವುಟ ಮಡಿಸಿ ನೇತುಹಾಕಿತ್ತು. ಊರಿಗೆಲ್ಲಾ ಬುದ್ಧಿ ಹೇಳುವ ಬಾಯಿಂದ, ನನ್ನ ಮಗಳೇ ಶಾಲೆಗೆ ಹೋಗುತ್ತಿಲ್ಲ ಮೇಡಂ, ಹೋಗಬೇಡ ಅಂದವಳು ನಾನೇ ಅಂತ ಹೇಗೆ ಹೊರಡಿಸುವುದು?

"ಹಲ್ಲು ನೋವು ಮೇಡಂ," ಎಂದಳು.

ಸಂಜೆ ಮನೆಯಲ್ಲಿ, ರಜೆ ಸಿಕ್ಕಿತೆಂದು ಹೇಳುತ್ತಾ ಅದನ್ನೂ ಹೇಳಿದಳು. "ಹಲ್ಲು ನೋವು ಅಂದ್ಬಿಟ್ಟೆ ಕಣೇ. ಪಾಪ, ಮೇಡಂ ಲವಂಗದ ಎಣ್ಣೆ ಹಚ್ಚಿ ಅಂದ್ರು."

ಮಗಳು ನಗಲಿಲ್ಲ. "ಯಾಕೆ, ಮಗಳ ಶಾಲೆಗೆ ಹೋಗ್ಬೇಕು ಅನ್ನಬಾರದಿತ್ತಾ?" ಎಂದಳು. ಅಂದವಳೇ ಪುಸ್ತಕ ತೆಗೆದಳು.

ಶನಿವಾರ ಬಂತು. ಟೈಲರ್ ಅಕ್ಕ ಹತ್ತು ಗಂಟೆಗೆ ಬಂದು ಅತ್ತೆಯ ಹತ್ತಿರ ಕೂರುತ್ತೇನೆ ಎಂದಿದ್ದಳು. ಅವಳು ಬಂದ ಮೇಲೆ ಮಗಳು ಹೊರಡುವುದು, ಅಮ್ಮ ಮುಂಚೆಯೇ ಹೋಗಿ ಜಾಗ ಹಿಡಿಯುವುದು ಅಂತ ಮಾತಾಯಿತು. ಮಧ್ಯಾಹ್ನ ಅಲ್ಲಿಂದಲೇ ನೇರ ಕೆಲಸಕ್ಕೆ ಹೋಗಬೇಕಲ್ಲ ಎಂದು ಆಯಮ್ಮ ನೀಲಿ ಕೋಟನ್ನೇ ತೊಟ್ಟು ಹೊರಟಳು. ಹೊಸಿಲು ದಾಟುವಾಗ ಮಗಳು ಕೋಟನ್ನು ಒಂದು ಸಲ ನೋಡಿದಳು.

ಮಗಳ ಶಾಲೆಗೆ ಅವಳು ಬಂದದ್ದು ಅದು ಎರಡನೇ ಸಲ. ಮೊದಲ ಸಲ ಸೇರಿಸಲು ಬಂದಿದ್ದಳು. ಒಂಬತ್ತೂವರೆ ಆಗಿತ್ತು. ಸಭೆಯ ಕೋಣೆಯಲ್ಲಿ ಬೆಂಚುಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಕಿಟಕಿ ಮುಚ್ಚಿ ಗಾಳಿಯಿಲ್ಲದೆ ಸೀಮೆಸುಣ್ಣದ ಧೂಳಿನ ವಾಸನೆ. ಜವಾನ ಬಂದಿರಲಿಲ್ಲ. ಆಯಮ್ಮ ಒಂದು ಬೆಂಚಿನ ತುದಿಗೆ ಕೂತಳು. ಕೂತವಳಿಗೆ ಕೈ ಸುಮ್ಮನಿರಲಿಲ್ಲ. ಎದುರಿನ ಬೆಂಚು ಸೊಟ್ಟಗಿತ್ತು. ಅದನ್ನೊಂದು ಸರಿ ಮಾಡಿ ಕೂರೋಣವೆಂದು ಎದ್ದಳು. ಅದು ಸರಿಯಾದರೆ ಪಕ್ಕದ್ದು ಸೊಟ್ಟ ಕಂಡಿತು. ಹತ್ತು ನಿಮಿಷದಲ್ಲಿ ಬೆಂಚುಗಳೆಲ್ಲ ಎರಡು ಬದಿಗೆ ಸಾಲಾದವು, ನಡುವೆ ಓಡಾಡಲು ದಾರಿಯಾಯಿತು, ಕಿಟಕಿ ತೆರೆದುಕೊಂಡಿತು. ಮೂಲೆಯಲ್ಲಿ ಖಾಲಿ ನೀರಿನ ಜಗ್ಗು ಕಂಡಿತು. ತೊಳೆದು ತುಂಬಿದಳು. ಹನ್ನೊಂದು ವರ್ಷದ ಅಭ್ಯಾಸ, ಕಾಲು ತಾನಾಗಿ ನಡೆಯಿತು.

ಅಷ್ಟರಲ್ಲಿ ಜನ ಬರತೊಡಗಿದರು. "ಎಲ್ಲಿ ಕೂತ್ಕೋಬೇಕಮ್ಮ?" ಎಂದು ಒಬ್ಬ ಕೇಳಿದ. "ಮುಂದೆ ಹೋಗಿ ಸಾರ್, ಮುಂದಿನ ಸಾಲು ತುಂಬ್ಲಿ," ಎಂದಳು. ಆಮೇಲೆ ಬಂದವರೆಲ್ಲ ಅವಳನ್ನೇ ಕೇಳಿದರು. ಕ್ಲಾಸ್ ಟೀಚರು ಫೈಲು ಹಿಡಿದು ಒಳಗೆ ಬಂದರು. ಎಳೆಯ ವಯಸ್ಸಿನ ಹುಡುಗಿ, ಈ ವರ್ಷವೇ ಸೇರಿದವರು. ಸಾಲಾಗಿ ಕೂತ ಜನರನ್ನು ನೋಡಿ ಮುಖ ಅರಳಿತು.

"ಅಬ್ಬಾ, ಆಫೀಸಿನೋರು ಯಾರನ್ನಾದ್ರೂ ಕಳಿಸ್ತಾರೋ ಇಲ್ವೋ ಅಂತಿದ್ದೆ. ತುಂಬಾ ಉಪಕಾರ ಆಯ್ತಮ್ಮ. ಸ್ವಲ್ಪ ಬಾಗಿಲ ಹತ್ರಾನೇ ಇರಿ. ತಡವಾಗಿ ಬಂದೋರನ್ನ ಹಿಂದೆ ಕೂರಿಸಿ, ಎಲ್ರಿಗೂ ನೀರು ಕೊಡಿ."

ಅಲ್ಲ ಮಿಸ್, ನಾನು... ಅನ್ನಲು ಬಾಯಿ ತೆರೆದಳು. ಟೀಚರು ಆಗಲೇ ಬೆನ್ನು ತಿರುಗಿಸಿ ಮೇಜಿನ ಕಡೆ ಹೋಗಿದ್ದರು. ಇಷ್ಟು ಜನರ ನಡುವೆ ಕೂಗಿ ಹೇಳುವುದೇನು, ನಮ್ಮ ಸರದಿ ಬಂದಾಗ ಹೇಳಿದರಾಯಿತು ಎಂದುಕೊಂಡು ತಟ್ಟೆಯಲ್ಲಿ ಲೋಟ ಜೋಡಿಸಿದಳು. ಅದೇ ತಪ್ಪಾಯಿತು.

ಟೀಚರು ಹೆಸರು ಕೂಗಲಿಲ್ಲ, ರೋಲ್ ನಂಬರ್ ಕೂಗಿದರು. ಒಬ್ಬೊಬ್ಬರಾಗಿ ಎದ್ದು ಹೋಗಿ ಮಾರ್ಕ್ಸ್ ನೋಡಿ ಸಹಿ ಹಾಕಿ ಬಂದರು. ಆಯಮ್ಮ ಎರಡನೇ ಸಾಲಿಗೆ ನೀರು ಕೊಡುತ್ತಿದ್ದಳು.

"ರೋಲ್ ನಂಬರ್ ಮೂವತ್ತೊಂದು. ಮೂವತ್ತೊಂದರ ಮನೆಯಿಂದ ಯಾರು ಬಂದಿದೀರಿ?"

ಯಾರೂ ಏಳಲಿಲ್ಲ. ಆಯಮ್ಮನೂ ಎಲ್ಲರ ಹಾಗೆ, ಯಾರಪ್ಪ ಇದು ಎಂದು ತಿರುಗಿ ನೋಡಿದಳು.

ಮುಂದೆ ಕೂತ ಹಣ್ಣಿನ ವ್ಯಾಪಾರಿ ಅಂದ, "ಆ ಹುಡುಗಿನಾ ಮಿಸ್? ನನ್ನ ಮಗಳ ಪಕ್ಕಾನೇ ಅವಳ ಜಾಗ. ಮೂರು ದಿನ ಬಂದ್ರೆ ಮೂರು ದಿನ ಇಲ್ಲ. ಮನೇಲಿ ಯಾರೋ ಅಜ್ಜಿಗೆ ತಲೆ ಸರಿ ಇಲ್ವಂತೆ, ಇವಳೇ ಕಾಯೋದಂತೆ."

ಆಯಮ್ಮ ಎತ್ತಿದ್ದ ಲೋಟವನ್ನು ಮತ್ತೆ ತಟ್ಟೆಯಲ್ಲಿಟ್ಟಳು. ತನ್ನ ಶಾಲೆಯ ಒಂದನೇ ತರಗತಿಯ ನಲವತ್ತು ಮಕ್ಕಳ ನಂಬರು ಅವಳಿಗೆ ಊಟದ ಡಬ್ಬಿಯ ಮೇಲೆ ನೋಡಿ ನೋಡಿ ಬಾಯಿಗೆ ಬರುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದವಳ ನಂಬರು ಮೂವತ್ತೊಂದು ಎಂದು ಅವಳಿಗೆ ಗೊತ್ತಾದದ್ದು ಈಗ, ಹಣ್ಣು ಮಾರುವವನ ಬಾಯಿಂದ.

"ಅಪ್ಪ ಅಮ್ಮ ಇಲ್ವಾ ಪಾಪ?" ಎಂದಳು ಒಬ್ಬ ಹೆಂಗಸು.

"ಇದ್ದಾರೆ. ಇದ್ದೂ ಇಲ್ದಂಗೆ. ಅಮ್ಮ ಆ ದೊಡ್ಡ ಶಾಲೆ ಗೇಟು ಕಾಯ್ತಾಳಂತೆ," ಎಂದ ವ್ಯಾಪಾರಿ.

"ಓಹೋ! ಸಾಹುಕಾರರ ಮಕ್ಕಳು ಶಾಲೆಗೆ ಬರ್ಲಿ ಅಂತ ಇವಳು ಗೇಟು ಕಾಯೋದು, ಇವಳ ಮಗಳು ಮನೇಲಿ ಅಜ್ಜಿ ಕಾಯೋದು. ಚೆನ್ನಾಗಿದೆ!" ಎಂದಳು ಇನ್ನೊಬ್ಬಳು.

ನಾಲ್ಕು ಜನ ನಕ್ಕರು. ಕೆಟ್ಟ ನಗುವಲ್ಲ, ಬೇಸರ ಕಳೆಯುವ ನಗು. ಕೊನೆಯ ಮಾತಾಡಿದವಳು ಹಾಗೇ ಕೈ ಚಾಚಿ ಆಯಮ್ಮನ ತಟ್ಟೆಯಿಂದಲೇ ಒಂದು ಲೋಟ ಎತ್ತಿಕೊಂಡಳು.

ಈಗ ಹೇಳಬೇಕಿತ್ತು. ನಾನೇ ಅಂತ ಒಂದು ಮಾತು. ಹೊಟ್ಟೆಯ ನೋವನ್ನು ಯಾರ ಮುಂದೆಯೂ ಹೇಳಿಕೊಳ್ಳಬಹುದು, ಮರ್ಯಾದೆಯ ನೋವಿಗೆ ಬಾಯೇ ಬರುವುದಿಲ್ಲ. ಅವಳು ತಟ್ಟೆ ಹಿಡಿದು ಗೋಡೆಯ ಪಕ್ಕಕ್ಕೆ ಸರಿದಳು. ಟೀಚರು ನಿಟ್ಟುಸಿರು ಬಿಟ್ಟು ಆ ಹಾಳೆಯನ್ನು ಫೈಲಿನಿಂದ ತೆಗೆದು ಪಕ್ಕಕ್ಕೆ ಇಟ್ಟರು. ಹಾಳೆ ಪಕ್ಕಕ್ಕೆ ಹೋದದ್ದನ್ನು ಆಯಮ್ಮ ಕಣ್ಣಾರೆ ಕಂಡಳು.

ಆಗಲೇ ಬಾಗಿಲಲ್ಲಿ ಮಗಳು ಬಂದು ನಿಂತಳು. ಓಡಿ ಬಂದಿದ್ದಳು, ಏದುಸಿರು. ಟೀಚರು ಕೇಳಿದರು, "ಬಂದ್ಯಾ? ಈಗಷ್ಟೇ ನಿನ್ನ ನಂಬರ್ ಕರೆದೆ. ನಿಮ್ಮಮ್ಮ ಇವತ್ತೂ ಬರಲಿಲ್ವಾ?"

ಹುಡುಗಿಯ ಕಣ್ಣು ಬೆಂಚಿನ ಸಾಲುಗಳನ್ನು ಹುಡುಕಿತು, ಆಮೇಲೆ ಗೋಡೆಯ ಪಕ್ಕ ನಿಂತ ನೀಲಿ ಕೋಟಿನ ಮೇಲೆ ಬಿತ್ತು. ಕೋಟು, ತಟ್ಟೆ, ಲೋಟಗಳು, ಅಮ್ಮನ ಮುಖ. ಎಲ್ಲವನ್ನೂ ನೋಡಿದಳು. ಅಮ್ಮ ನೋಟ ಕೆಳಗೆ ಹಾಕಿದ್ದನ್ನೂ ನೋಡಿದಳು.

"ಇಲ್ಲ ಮಿಸ್," ಎಂದಳು. "ಅಮ್ಮಂಗೆ ಹಲ್ಲು ನೋವು."

ಹಾಗಂದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು.

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರೆ. ಭೂಮಿ ಯಾವತ್ತೂ ಬಿಡುವುದಿಲ್ಲ. ನಿಂತ ಕಡೆಯೇ ನಿಂತಿರಬೇಕು, ಹಿಡಿದದ್ದನ್ನು ಹಿಡಿದೇ ಇರಬೇಕು. ಆಯಮ್ಮ ಉಳಿದ ಸಾಲುಗಳಿಗೂ ನೀರು ಕೊಟ್ಟಳು. ಹಿಂದಿನ ಬೆಂಚಿಗೂ ಬಂದಳು. ಲೋಟ ಚಾಚಿದಳು. ಮಗಳು ತಲೆಯೆತ್ತದೆ, "ಬೇಡ" ಎಂದಳು. ದೊಡ್ಡ ಶಾಲೆಯ ಮೀಟಿಂಗುಗಳಲ್ಲಿ ಆ ದನಿಯ 'ಬೇಡ' ಅವಳು ಸಾವಿರ ಸಲ ಕೇಳಿದ್ದಳು. ಕೆಲಸದವರಿಗೆ ಅನ್ನುವ ಬೇಡ ಅದು. ಹುಡುಗಿ ಅಮ್ಮನ ಮಾನ ಮುಚ್ಚಲು ಅದೇ ದನಿ ತಂದಿದ್ದಳು, ಅದಕ್ಕೆ ತನ್ನ ಒಂದು ವರ್ಷವನ್ನೇ ಕೊಡಲು ಕೂತಿದ್ದಳು.

ಸಭೆ ಮುಗಿಯಿತು. ಜನ ಎದ್ದರು, ಬೆಂಚುಗಳು ಮತ್ತೆ ಸೊಟ್ಟಗಾದವು. ಟೀಚರು ಫೈಲು ಕಟ್ಟುತ್ತಿದ್ದರು. ಮಗಳು ಬಾಗಿಲವರೆಗೆ ಹೋಗಿದ್ದಳು.

"ಮಿಸ್," ಎಂದಳು ಆಯಮ್ಮ. ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ನನಗೆ ಹಲ್ಲು ನೋವಿಲ್ಲ. ನಾನೇ ಮೂವತ್ತೊಂದರ ಅಮ್ಮ."

ಟೀಚರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರ ಮುಖ ಕೆಂಪಾಯಿತು. "ಅಯ್ಯೋ... ನಾನು ನಿಮ್ಮನ್ನ ನೀರು ಕೊಡಿ ಅಂತ... ನೀವು ಆಗಲೇ ಯಾಕೆ ಹೇಳಲಿಲ್ಲ ಅಮ್ಮ?"

ಟೀಚರು ಎದ್ದು ತಮ್ಮ ಕುರ್ಚಿಯನ್ನೇ ಈ ಕಡೆ ಎಳೆದರು. "ಕೂತ್ಕೊಳ್ಳಿ." ಅವಳು ಕೂತಳು. ಪಕ್ಕಕ್ಕಿಟ್ಟ ಹಾಳೆ ಮತ್ತೆ ಮುಂದೆ ಬಂತು. ಹಾಜರಿಯ ಮನೆಗಳಲ್ಲಿ ಕೆಂಪು ಗುರುತುಗಳು, ಮೈಗೆ ಎದ್ದ ದಡಾರದ ಹಾಗೆ. ಕೆಳಗೆ ಒಂದು ಸಾಲು ಖಾಲಿ ಇತ್ತು.

"ಇಲ್ಲಿ ಗೈರುಹಾಜರಿಗೆ ಕಾರಣ ಬರೀಬೇಕು. ಅಜ್ಜಿಗೆ ಅನಾರೋಗ್ಯ ಅಂತ ಹಾಕ್ಲಾ?"

ಆಯಮ್ಮ ಹಾಳೆಯನ್ನೇ ನೋಡುತ್ತಾ ಕೂತಳು. ಹೂಂ ಅಂದರೆ ಮುಗಿಯುತ್ತಿತ್ತು. ಸುಳ್ಳೂ ಅಲ್ಲ.

"ಅಜ್ಜಿದೇನೂ ತಪ್ಪಿಲ್ಲ ಮಿಸ್," ಎಂದಳು ಕೊನೆಗೆ. "ಅಮ್ಮ ರಜೆ ಹಾಕಲಿಲ್ಲ ಅಂತ ಬರೀರಿ."

ಬಾಗಿಲಲ್ಲಿ ನಿಂತ ಮಗಳಿಗೂ ಅದು ಕೇಳಿಸಿತು. ಟೀಚರು ಪೆನ್ನು ಹಿಡಿದು ತಡೆದರು. ಬರೆದರೋ, ಬೇರೆ ಏನು ಬರೆದರೋ, ಆಯಮ್ಮ ಓದಲು ಹೋಗಲಿಲ್ಲ. ಇನ್ನು ಪರೀಕ್ಷೆಯವರೆಗೆ ಒಂದು ದಿನವೂ ತಪ್ಪುವ ಹಾಗಿಲ್ಲ, ತಪ್ಪಿದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು ಟೀಚರು. ತೋರಿಸಿದ ಕಡೆ ಅಕ್ಷರ ಅಕ್ಷರವಾಗಿ ಸಹಿ ಹಾಕಿದಳು.

ಅಮ್ಮ ಮಗಳು ಒಟ್ಟಿಗೆ ಹೊರಟರು. ಸೇತುವೆಯ ಹತ್ತಿರ ಆಯಮ್ಮ ಕೋಟು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು.

"ಒಂದು ಗಂಟೆಗೆ ಕೆಲಸ ಇದೆಯಲ್ಲ, ಯಾಕೆ ಬಿಚ್ಚಿದೆ?" ಎಂದಳು ಮಗಳು.

"ಸೆಕೆ," ಎಂದಳು ಆಯಮ್ಮ.

"ಮತ್ತೆ ನನ್ನ ನಂಬರ್ ಮರೀಬೇಡ," ಎಂದಳು ಮಗಳು. ಸ್ವಲ್ಪ ಮುಂದೆ ಹೋಗಿ, "ಅಜ್ಜಿ ಥರ," ಅಂತ ಸೇರಿಸಿದಳು. ನಗಿಸಲು ಅಂದದ್ದೋ ಚುಚ್ಚಲು ಅಂದದ್ದೋ, ಆಯಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಸೋಮವಾರ ಟೈಲರ್ ಅಕ್ಕ ಬಟ್ಟೆ ತರಲು ಹೋಗುವ ದಿನ. ಆಯಮ್ಮ ಹಿಂದಿನ ದಿನವೇ ಹೆಡ್ ಮೇಡಂ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಹಲ್ಲಿನ ಸುಳ್ಳಿನಿಂದ ಹಿಡಿದು ಎಲ್ಲ ಹೇಳಿ ಬಂದಿದ್ದಳು. ಮೇಡಂ ಬೈಯಲಿಲ್ಲ. ಗಡಿಯಾರ ಕೊಟ್ಟವರು ತಾವೇ ಎಂದು ನೆನಪಾಯಿತೋ ಏನೋ, ಕೇಳಿಸಿಕೊಂಡು ಸೋಮವಾರಕ್ಕೆ ರಜೆ ಕೊಟ್ಟರು. ಹನ್ನೆರಡು ರಜೆಯಲ್ಲಿ ಎಷ್ಟು ದಿನ ನಡೆದೀತು, ಗಂಡನ ಲಾರಿ ಯಾವ ವಾರ ಮನೆ ಕಡೆ ಬಂದೀತು, ಅದೆಲ್ಲ ಇನ್ನೂ ಬಗೆಹರಿದಿರಲಿಲ್ಲ.

ಒಂಬತ್ತು ಗಂಟೆಗೆ ಮಗಳು ಯೂನಿಫಾರ್ಮಿನಲ್ಲಿ ಮೆಟ್ಟಿಲಿಳಿದು ಹೋದಳು. ಒಂದು ಸಲ ತಿರುಗಿ ನೋಡಿದಳು, ವಾಪಸು ಕರೆಯುತ್ತಾರೇನೋ ಅನ್ನುವ ಹಾಗೆ. ಆ ನೋಟವನ್ನು ಕಲಿಸಿದವಳು ಆಯಮ್ಮನೇ.

ಅತ್ತೆ ಮಂಚದ ಮೇಲೆ ಕೂತು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. ಕೋಟಿಲ್ಲದ ಸೊಸೆ ಅವರಿಗೆ ಯಾವುದೋ ಚಿಕ್ಕ ಹುಡುಗಿಯಂತೆ ಕಂಡಿರಬೇಕು.

"ಏನೇ, ನೀನು ಶಾಲೆಗೆ ಹೋಗಲ್ವಾ? ಚಕ್ಕರ್ ಹಾಕಿದ್ಯಾ? ನಿಮ್ಮಮ್ಮಂಗೆ ಗೊತ್ತಾದ್ರೆ ಬಾರಿಸ್ತಾಳೆ ನೋಡು."

"ಹೂಂ ಅತ್ತೆ," ಎಂದಳು ಆಯಮ್ಮ.

ಗುಂಡಿಗಳ ಡಬ್ಬಿ ತಂದು ಅವರ ಮುಂದೆ ಸುರಿದು, ಎದುರು ಕೂತಳು. ಇಬ್ಬರೂ ಬಿಳಿಯವನ್ನು ಒಂದು ಕಡೆ, ಕಪ್ಪು ಒಂದು ಕಡೆ ಮಾಡಿದರು. ಹೊತ್ತು ಹೋಗಲೇ ಇಲ್ಲ. ಹಗಲು ಹೊತ್ತಿನಲ್ಲಿ ಆ ಮನೆ ಇಷ್ಟು ಸದ್ದಿಲ್ಲದೆ ಇರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಮಗಳು ಇಷ್ಟು ದಿನ ಕೂತ ಜಾಗದಿಂದ ತಲೆಯೆತ್ತಿದರೆ ಕಣ್ಣಿಗೆ ಬೀಳುವುದು ಆ ಗಡಿಯಾರ ಒಂದೇ.

ಹತ್ತೂ ಕಾಲು. ಎರಡನೇ ಪೀರಿಯಡ್ಡು, ಲೆಕ್ಕ.